ಸಾರೋಟಿನ ಕೆಳಗೆ ಬಗ್ಗಿ ನೋಡಿ: ಲಿಸ್ಬನ್ ಮ್ಯೂಸಿಯಂ ಬಗ್ಗೆ ಓದುಗರ ಪ್ರಶ್ನೆಗಳು

ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ನಿನಲ್ಲಿರುವ ರಾಷ್ಟ್ರೀಯ ಸಾರೋಟು ಮ್ಯೂಸಿಯಮ್ಮಿನ ಚಿತ್ರಗಳನ್ನು ಕಳೆದ ಸಂಚಿಕೆಯಲ್ಲಿ ಪ್ರಕಟಿಸಿ ಪ್ರಶ್ನೆಗಳನ್ನು ಆಹ್ವಾನಿಸಿದ್ದೆವು. ಅರ್ಧದಷ್ಟು ಪತ್ರಗಳು ಚಿನ್ನದ ಬಗ್ಗೆ ಕೇಳಿವೆ, ಉಳಿದರ್ಧ ಚಕ್ರದ ಬಗ್ಗೆ. ಎರಡನೆಯ ಗುಂಪಿನವರಿಗೆ ಇಲ್ಲಿ ಸ್ವಲ್ಪ ಹೆಚ್ಚು ಜಾಗ ಸಿಕ್ಕಿದೆ.

ಯುರೋಪಿನಲ್ಲಿ ಅಷ್ಟೊಂದು ರಾಜಮನೆತನಗಳಿದ್ದವು. ಹಳೆಯ ಸಾರೋಟು ನೋಡಬೇಕೆಂದರೆ ಲಿಸ್ಬನ್ನಿಗೇ ಹೋಗಬೇಕು ಎನ್ನುತ್ತಾರಲ್ಲ, ಯಾಕೆ?
— ಓದುಗರು, ಮೈಸೂರು

ಸಾರೋಟು ಆ ಕಾಲದ ಫ್ಯಾಷನ್ ವಸ್ತು. ಹೊಸ ಮಾದರಿ ಬಂದ ಕೂಡಲೇ ಹಳೆಯದನ್ನು ಬಿಚ್ಚಿಹಾಕುತ್ತಿದ್ದರು: ಕಬ್ಬಿಣ ಕಂಬಾರನಿಗೆ, ಮಖಮಲ್ಲು ದರ್ಜಿಗೆ, ಮರ ಒಲೆಗೆ. ಫ್ರಾನ್ಸಿನಲ್ಲಿ ಬಿಚ್ಚದೆ ಉಳಿದಿದ್ದ ಅರಮನೆಯ ಬಂಡಿಗಳಲ್ಲಿ ಹೆಚ್ಚಿನವನ್ನು ಕ್ರಾಂತಿ ಮುಗಿಸಿತು. ಲಿಸ್ಬನ್ನಿಗೂ ಗಂಡಾಂತರಗಳು ಬಾರದೆ ಇರಲಿಲ್ಲ. 1755ರ ನವೆಂಬರ್ 1ರ ಭೂಕಂಪ ನದಿದಂಡೆಯ ಅರಮನೆಯನ್ನು ನೆಲಸಮ ಮಾಡಿತು. ರಾಜಕುಟುಂಬ ಆ ದಿನ ಊರಾಚೆಯ ಬೆಲೆಂನಲ್ಲಿದ್ದುದರಿಂದ ಬದುಕಿತು. 1807ರ ನವೆಂಬರಿನಲ್ಲಿ ನೆಪೋಲಿಯನ್ನನ ಸೈನ್ಯ ಹತ್ತಿರ ಬಂದಾಗ ಆಸ್ಥಾನಕ್ಕೆ ಆಸ್ಥಾನವೇ ಹಡಗು ಹತ್ತಿ ಬ್ರೆಜಿಲ್ಲಿಗೆ ಹೊರಟಿತು. ಇಷ್ಟಾದರೂ ಲಾಯದ ಮೂಲೆಯಲ್ಲಿ ನಿಂತ ಬಂಡಿಗಳು ನಿಂತೇ ಇದ್ದವು. ಹಳೆಯದನ್ನು ಒಡೆದು ಹೊಸದು ಮಾಡಿಸುವ ಚಪಲ ಇಲ್ಲಿ ಕಡಿಮೆ ಇತ್ತೆಂದೇ ತೋರುತ್ತದೆ.

ಅವನ್ನು ಒಂದೆಡೆ ಸೇರಿಸಿದವರು ರಾಜ ಮೊದಲನೆಯ ಕಾರ್ಲೊಸನ ರಾಣಿ ಅಮೆಲಿಯಾ. ಬೆಲೆಂ ಅರಮನೆಯ ಕುದುರೆ ಸವಾರಿ ಅಂಗಳದಲ್ಲಿ 1905ರ ಮೇ 23ರಂದು ಮ್ಯೂಸಿಯಂ ತೆರೆಯಿತು. ಆ ಅಂಗಳವನ್ನು 1787ರಿಂದ ಕಟ್ಟಿದ್ದರು. ಚಾವಣಿಯ ತುಂಬ ಚಿತ್ರಗಳಿರುವ ಅದರ ಸಭಾಂಗಣ ಸುಮಾರು 50 ಮೀಟರ್ ಉದ್ದ, 17 ಮೀಟರ್ ಅಗಲ. ಬಂಡಿಗಳಿಗೆ ಅಲ್ಲಿ ಉಸಿರಾಡಲೂ ಜಾಗ ಸಾಲುತ್ತಿರಲಿಲ್ಲ. ಸರಿಯಾಗಿ 110 ವರ್ಷಗಳ ನಂತರ, 2015ರ ಮೇ 23ರಂದು, ಅಲ್ಲೇ ಸಮೀಪದಲ್ಲಿ ಹೊಸ ಕಟ್ಟಡ ತೆರೆಯಿತು. ಬ್ರೆಜಿಲ್ಲಿನ ವಾಸ್ತುಶಿಲ್ಪಿ ಪಾವ್ಲೊ ಮೆಂಡೆಸ್ ದ ರೋಷ ವಿನ್ಯಾಸ ಮಾಡಿದ ಕಟ್ಟಡ: ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ ದೊಡ್ಡ ಬಿಳಿ ಪೆಟ್ಟಿಗೆ. ಒಳಗೆ ಅಲಂಕಾರವೇ ಇಲ್ಲ. ಗೋದಾಮಿನ ಹಾಗಿದೆ ಎಂದು ಮೂಗು ಮುರಿಯುವವರಿದ್ದಾರೆ. ಬಂಡಿಯ ನಾಲ್ಕೂ ಸುತ್ತ ನಡೆದು, ಕೂತು, ಬಗ್ಗಿ ನೋಡಲು ಮಾತ್ರ ಅದೇ ಅನುಕೂಲ.

ಕೋಚ್, ಬರ್ಲಿನ್, ಸೆಜ್, ಲಿತೇರ, ಲ್ಯಾಂಡೊ… ಎಲ್ಲವೂ ಕುದುರೆ ಗಾಡಿಗಳೇ ತಾನೆ? ಗುರುತು ಹಿಡಿಯುವುದು ಹೇಗೆ?
— ಓದುಗರು, ಶಿರಸಿ

ಎಲ್ಲವೂ ಕುದುರೆ ಗಾಡಿಗಳಲ್ಲ, ಗಾಲಿಯೇ ಇಲ್ಲದ್ದೂ ಇದೆ. ಲಿತೇರ ಎಂದರೆ ನಮ್ಮ ಮೇನೆಯ ಬಂಧು. ಮೇನೆಗೆ ಬೋವಿಗಳು ಹೆಗಲು ಕೊಟ್ಟರೆ ಇದರ ದಂಡಿಗೆಗಳನ್ನು ಮುಂದೊಂದು ಹಿಂದೊಂದು ಹೇಸರಗತ್ತೆ ಹೊರುತ್ತವೆ. ಗುಡ್ಡಗಾಡಿನ ಕಿರುದಾರಿಗೆ ಹೇಳಿ ಮಾಡಿಸಿದ್ದು. ಸೆಜ್ ಎರಡು ಗಾಲಿಯ ಹಗುರ ಗಾಡಿ.

ನಾಲ್ಕು ಗಾಲಿಯವನ್ನು ಗುರುತಿಸಲು ಮೇಲಿನ ಕೆತ್ತನೆ ನೋಡಿ ಪ್ರಯೋಜನವಿಲ್ಲ. ಹೊಟ್ಟೆಯಡಿ ನೋಡಬೇಕು. ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ ಒಂದೇ ದಪ್ಪ ತೊಲೆ ಹಾಯ್ದು, ಕೂರುವ ಗೂಡು ನಾಲ್ಕು ಮೂಲೆಯ ಕಂಬಗಳಿಂದ ಚರ್ಮದ ಪಟ್ಟಿಗಳಲ್ಲಿ ತೊಟ್ಟಿಲಿನಂತೆ ನೇತಾಡುತ್ತಿದ್ದರೆ ಅದು ಕೋಚ್. ಒಂದರ ಬದಲು ಎರಡು ತೊಲೆಗಳು ಅಕ್ಕಪಕ್ಕ ಹೋಗಿ, ಚರ್ಮದ ಪಟ್ಟಿಗಳು ಗೂಡಿನ ಅಡಿಯಲ್ಲೇ ಉದ್ದಕ್ಕೆ ಹಾಯ್ದು ಅದನ್ನು ಕೆಳಗಿನಿಂದ ಹೊತ್ತಿದ್ದರೆ ಬರ್ಲಿನ್. ಬರ್ಲಿನ್ ನಗರದಲ್ಲಿ 17ನೇ ಶತಮಾನದ ಉತ್ತರಾರ್ಧದಲ್ಲಿ ಬಂದ ಈ ಮಾದರಿ ಹೆಚ್ಚು ಸುರಕ್ಷಿತ. ಒಂದು ತೊಲೆ ಮುರಿದರೂ ಇನ್ನೊಂದು ಹಿಡಿದುಕೊಳ್ಳುತ್ತದೆ. ಪಟ್ಟಿ ಹರಿದರೆ ಗೂಡು ತೊಲೆಗಳ ಮೇಲೆ ಕೂರುತ್ತದೆಯೇ ಹೊರತು ರಸ್ತೆಗೆ ಬೀಳುವುದಿಲ್ಲ. ಲ್ಯಾಂಡೊದ ಗುರುತು ತಲೆಯ ಮೇಲಿದೆ: ಮುಂದಕ್ಕೊಂದು ಹಿಂದಕ್ಕೊಂದು ಮಡಚುವ ಎರಡು ಚರ್ಮದ ಕಮಾನುಗಳು.

ಕೋಚ್ ಎಂಬ ಹೆಸರಿಗೂ ನಮ್ಮ ಕೊಚ್ಚಿಗೂ ಸಂಬಂಧವಿಲ್ಲ. ಹಂಗೇರಿಯಲ್ಲಿ ಕೋಚ್ ಎಂದೇ ಹೆಸರಿನ ಹಳ್ಳಿಯಿದೆ. ಅಲ್ಲಿನ ಬಡಗಿಗಳ ಗಾಡಿ ಹೆಸರುವಾಸಿಯಾಗಿ ಊರಿನ ಹೆಸರೇ ಗಾಡಿಗೂ ಅಂಟಿತು.

ಒಂದೊಂದು ಸಾರೋಟಿನಲ್ಲಿ ಎಷ್ಟು ಕಿಲೊ ಚಿನ್ನ ಇದ್ದೀತು? ಮೈಸೂರಿನ ಅಂಬಾರಿಯಷ್ಟು?
— ಓದುಗರು, ಮಂಡ್ಯ

ಕಿಲೊ ಲೆಕ್ಕ ಬಿಡಿ, ಗ್ರಾಂ ಲೆಕ್ಕಕ್ಕೆ ಬನ್ನಿ. 750 ಕಿಲೊ ತೂಗುವ ನಮ್ಮ ಅಂಬಾರಿಯಲ್ಲಿ ಮರದ ಚೌಕಟ್ಟಿನ ಮೇಲೆ ಚಿನ್ನದ ತಗಡು ಹೊದಿಸಿದ್ದಾರೆ. ಸಾರೋಟಿನ ಮೇಲಿರುವುದು ತಗಡಲ್ಲ, ರೇಕು. ಇಂದಿನ ಚಿನ್ನದ ರೇಕಿನ ದಪ್ಪ ಮಿಲಿಮೀಟರಿನ 10,000ದಲ್ಲಿ ಒಂದು ಭಾಗ. ಒಂದು ಚದರ ಮೀಟರಿಗೆ ಹಚ್ಚಲು ಸುಮಾರು 2 ಗ್ರಾಂ ಸಾಕು. ದೊಡ್ಡ ಸಾರೋಟಿನ ಕೆತ್ತನೆಯ ಉಬ್ಬುತಗ್ಗುಗಳನ್ನೆಲ್ಲ ಸೇರಿಸಿ 30 ಚದರ ಮೀಟರ್ ಎಂದಿಟ್ಟುಕೊಂಡರೆ 60 ಗ್ರಾಂ. ಹಿಂದಿನವರು ಬಡಿದ ರೇಕು ಇಂದಿನದಕ್ಕಿಂತ ದಪ್ಪ. ಮೂರು ಪಟ್ಟು ಎಂದು ಹಿಡಿದರೂ 180 ಗ್ರಾಂ. ಒಂದು ಜೋರಿನ ಮದುವೆಯಲ್ಲಿ ವಧುವಿನ ಮೈಮೇಲೆ ಅದಕ್ಕಿಂತ ಹೆಚ್ಚು ಇರುತ್ತದೆ.

ಹಣ ಹೋಗುತ್ತಿದ್ದುದು ಚಿನ್ನಕ್ಕಲ್ಲ, ಕೆಲಸಕ್ಕೆ. ಕೆತ್ತಿದ ಮರಕ್ಕೆ ಮೊದಲು ಪ್ರಾಣಿಜನ್ಯ ಅಂಟಿನ ಲೇಪ. ಅದೇ ಅಂಟಿನಲ್ಲಿ ಜಿಪ್ಸಂ ಪುಡಿ ಕಲಸಿ ಆರೆಂಟು ಪದರ, ಪ್ರತಿ ಪದರ ಒಣಗಿದ ಮೇಲೆ ಮುಂದಿನದು. ನುಣ್ಣಗೆ ಉಜ್ಜಿ, ಗೆರೆಗಳು ಮುಚ್ಚಿಹೋದಲ್ಲಿ ಮತ್ತೆ ಕೆತ್ತಿ ತೆಗೆದು, ಮೇಲೆ ಕೆಂಪು ಜೇಡಿಯ ಲೇಪ. ಅದನ್ನು ನೀರಿನಿಂದ ಒದ್ದೆ ಮಾಡಿ ರೇಕು ಕೂರಿಸುತ್ತಾರೆ. ಆರುತ್ತಿದ್ದಂತೆ ಅಗೇಟ್ ಕಲ್ಲಿನಿಂದ ತಿಕ್ಕಿ ಹೊಳಪು ತರುತ್ತಾರೆ. ಮೈಸೂರು ಚಿತ್ರಕಲೆಯಲ್ಲಿ ಆಭರಣಗಳನ್ನು ಉಬ್ಬಿಸಲು ಬಿಳಿ ಪುಡಿ, ಮಕ್ಕಿ ಎಂಬ ಹಳದಿ ರಾಳ, ಗೋಂದು ಕಲಸಿ ಎಳೆಯುವ ಕೆಲಸ ನೋಡಿದವರಿಗೆ ಇದು ಹೊಸತಲ್ಲ. ಎರಡರಲ್ಲೂ ಹೊಳೆಯುವುದು ಚಿನ್ನ, ಅದನ್ನು ಹೊಳೆಯಿಸುವುದು ಅದರಡಿಯ ಹದ.

ಈ ಪದ್ಧತಿಗೆ ಒಂದೇ ಶತ್ರು: ನೀರು. ಅಂಟು ನೀರಿನಲ್ಲಿ ಕರಗುವಂಥದ್ದು. ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿದರೆ ರೇಕು ಬಟ್ಟೆಗೆ ಬಂದು ಕೆಂಪು ಜೇಡಿ ಕಾಣಿಸುತ್ತದೆ. ಹಳೆಯ ಸಾರೋಟುಗಳಲ್ಲಿ ಮೊಣಕಾಲು, ಮೂಗು, ಬೆರಳ ತುದಿಯಂಥ ಉಬ್ಬು ಜಾಗಗಳಲ್ಲಿ ಕಾಣುವ ಕೆಂಪು ತುಕ್ಕಲ್ಲ, ತಲೆಮಾರುಗಳ ಕಾಲ ಒರೆಸಿದವರ ಕೈಗುರುತು. ಮಳೆಗೆ ಸಿಕ್ಕುವ ಗಾಲಿ, ಅಚ್ಚಿನ ಭಾಗಗಳಿಗೆ ಎಣ್ಣೆ ಆಧಾರದ ಅಂಟು ಸೂಕ್ತ. ಅದು ನೀರನ್ನು ತಡೆಯುತ್ತದೆ, ಆದರೆ ಕಲ್ಲಿನಿಂದ ತಿಕ್ಕಿ ಕನ್ನಡಿ ಹೊಳಪು ತರಲಾಗದು.

ಅಲ್ಲಿನ ಒಂದು ಸಾರೋಟಿನ ಮೇಲೆ ನಮ್ಮ ಹಿಂದೂ ಮಹಾಸಾಗರದ ಮೂರ್ತಿ ಇದೆಯಂತೆ. ನಿಜವೇ?
— ಓದುಗರು, ಕಾರವಾರ

ನಿಜ. ಅದರ ಹೆಸರೇ ಸಾಗರಗಳ ಕೋಚ್. ರಾಜ ಐದನೆಯ ಜೊವಾವ್ 1716ರಲ್ಲಿ ಪೋಪ್ ಹನ್ನೊಂದನೆಯ ಕ್ಲೆಮೆಂಟರ ಬಳಿಗೆ ಫೊಂತೆಸ್‌ನ ಮಾರ್ಕ್ವಿಸನನ್ನು ರಾಯಭಾರಿಯಾಗಿ ಕಳಿಸಿದ. ಅವನ ಮೆರವಣಿಗೆಗಾಗಿ ರೋಮಿನಲ್ಲೇ ಮಾಡಿಸಿದ ವೈಭವದ ಕೋಚ್‌ಗಳು ಐದು, ಜೊತೆಗೆ ಪರಿವಾರದ ಬಂಡಿಗಳು ಹತ್ತು. ಆ ಐದರಲ್ಲಿ ಮೂರು ಉಳಿದಿವೆ, ಮೂರೂ ಇಲ್ಲಿವೆ.

ಸಾಗರಗಳ ಕೋಚಿನ ಹಿಂಬದಿಗೆ ಹೋಗಿ ನಿಲ್ಲಿ. ಮೇಲೆ ನಡುವೆ ಗ್ರೀಕರ ದೇವತೆ ಅಪೊಲೊ, ಅವನ ಎರಡು ಬದಿಗೆ ವಸಂತ ಮತ್ತು ಗ್ರೀಷ್ಮ. ಕೆಳಗೆ ಇಬ್ಬರು ಗಡ್ಡದ ಮುದುಕರು ಕೈ ಕುಲುಕುತ್ತಿದ್ದಾರೆ: ಒಬ್ಬ ಅಟ್ಲಾಂಟಿಕ್, ಇನ್ನೊಬ್ಬ ಹಿಂದೂ ಮಹಾಸಾಗರ. ಆಫ್ರಿಕದ ತುದಿ ಬಳಸಿ ಎರಡು ಕಡಲನ್ನು ಕೂಡಿಸಿದವರು ನಾವು ಎಂದು ಪೋಪರಿಗೆ ಹೇಳುವ ರೀತಿ ಅದು. ಆ ದಾರಿ ಹಿಡಿದು ಬಂದ ವಾಸ್ಕೊ ಡ ಗಾಮ 1498ರಲ್ಲಿ ವಾಪಸಾಗುವಾಗ ತಂಗಿದ್ದು ನಿಮ್ಮ ಕಾರವಾರದೆದುರಿನ ಅಂಜುದೀವಿನಲ್ಲಿ. ಅವನ ಸಮಾಧಿ ಈ ಮ್ಯೂಸಿಯಮ್ಮಿನಿಂದ ನಡೆದೇ ಹೋಗಬಹುದಾದ ಜೆರೊನಿಮೊಸ್ ಮಠದಲ್ಲಿದೆ.

ಪಕ್ಕದ ಇನ್ನೊಂದು ಕೋಚ್ ಇಷ್ಟು ಸೌಮ್ಯವಾಗಿಲ್ಲ. ಲಿಸ್ಬನ್ ನಗರಿಗೆ ಕೀರ್ತಿ ಮತ್ತು ಸಮೃದ್ಧಿ ಕಿರೀಟ ತೊಡಿಸುತ್ತಿದ್ದಾರೆ. ಅವಳ ಕಾಲ ಬಳಿ ಸೆರೆಯಾಳುಗಳಾಗಿ ಆಫ್ರಿಕ ಮತ್ತು ಏಷ್ಯ. ಗೋವೆಯ ನೆರೆಯವರಾದ ನಾವು ಈ ಗುಂಪನ್ನು ಬರೀ ಕಲಾಕೃತಿ ಎಂದು ನೋಡಿ ಮುಂದೆ ಹೋಗುವುದು ಕಷ್ಟ, ಹೋಗಬೇಕಾಗಿಯೂ ಇಲ್ಲ.

ಇಷ್ಟು ದೊಡ್ಡ ಶಿಲ್ಪವನ್ನು ಹಿಂದೆ ಯಾಕೆ ಇಟ್ಟರು? ಮುಂದೆ ಕುದುರೆಗಳ ಮರೆ, ಪಕ್ಕದಲ್ಲಿ ಬಾಗಿಲು ಮತ್ತು ದೊಡ್ಡ ಗಾಲಿ. ಬೀದಿಯಲ್ಲಿ ನಿಂತವನ ಕಣ್ಣಿಗೆ ತಡೆಯಿಲ್ಲದೆ, ಬಹಳ ಹೊತ್ತು ಬೀಳುವುದು ಸಾಗಿಹೋಗುವ ಬಂಡಿಯ ಬೆನ್ನು. ದೊಡ್ಡ ಗಾಲಿಯೂ ಹಿಂದೆಯೇ ಇರುವುದರಿಂದ ಭಾರ ಹೊರುವ ಶಕ್ತಿಯೂ ಅಲ್ಲೇ.

ನಮ್ಮೂರಿನ ಎತ್ತಿನ ಗಾಡಿಯ ಗಾಲಿಗೂ ಈ ಗಾಲಿಗಳಿಗೂ ಏನು ವ್ಯತ್ಯಾಸ? ಮುಂದಿನವು ಯಾಕೆ ಅಷ್ಟು ಚಿಕ್ಕವು?
— ಓದುಗರು, ಹಾವೇರಿ

ಮೂಲತತ್ವ ಒಂದೇ. ನಡುವೆ ಗುಂಬ, ಅದರಿಂದ ಹೊರಡುವ ಅರಗಳು, ಅವನ್ನು ಕೂಡಿಸುವ ಹೊರಸುತ್ತಿನ ಬಾಗಿದ ಮರದ ತುಂಡುಗಳು, ಮೇಲೆ ಕಬ್ಬಿಣದ ಹಳಿ. ಹೊರಸುತ್ತಿನ ಒಂದು ತುಂಡಿಗೆ ಎರಡು ಅರ ಎಂಬುದು ಯುರೋಪಿನ ಬಡಗಿಗಳ ಸಾಮಾನ್ಯ ಲೆಕ್ಕ: 12 ಅರದ ಗಾಲಿಗೆ 6 ತುಂಡು, 10 ಅರದ್ದಕ್ಕೆ 5. ಇಂಗ್ಲೆಂಡಿನಂಥ ಕಡೆ ಗುಂಬಕ್ಕೆ ಸೀಳದ ಎಲ್ಮ್, ಅರಕ್ಕೆ ಓಕ್, ಹೊರಸುತ್ತಿಗೆ ಬಳುಕುವ ಆ್ಯಶ್ ಮರ ಬಳಸುತ್ತಿದ್ದರು. ಪ್ರತಿ ಭಾಗದ ಕೆಲಸ ಬೇರೆ, ಆದ್ದರಿಂದ ಮರವೂ ಬೇರೆ.

ಹಳೆಯ ಗಾಲಿಗಳಲ್ಲಿ ಹಳಿ ಒಂದೇ ಬಳೆಯಾಗಿರದೆ ತುಂಡುತುಂಡಾಗಿ ಮೊಳೆ ಹೊಡೆದದ್ದಿರುತ್ತದೆ. ಪ್ರತಿ ಕಬ್ಬಿಣದ ತುಂಡು ಎರಡು ಮರದ ತುಂಡುಗಳ ಸಂದಿನ ಮೇಲೆ ಕೂರುತ್ತದೆ. ಮೊಳೆಯ ತಲೆಗಳು ಉಬ್ಬಿ ನಿಂತಿದ್ದರೆ ಆ ಮಾದರಿ ಎಂದು ತಿಳಿಯಿರಿ. ನಂತರ ಬಂದದ್ದು ನಿಮ್ಮೂರಿನ ಕಂಬಾರ ಮಾಡುವಂಥದ್ದೇ: ಗಾಲಿಗಿಂತ ಚಿಕ್ಕ ಬಳೆ ಮಾಡಿ, ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ತೊಡಿಸಿ, ನೀರು ಸುರಿದು ಬಿಗಿಸುವುದು. ಲೆಕ್ಕ ಹೀಗೆ. ಒಂದೂವರೆ ಮೀಟರ್ ಅಡ್ಡಳತೆಯ ಗಾಲಿಯ ಸುತ್ತಳತೆ 4.71 ಮೀಟರ್. ಕಬ್ಬಿಣವನ್ನು 500 ಡಿಗ್ರಿಯಷ್ಟು ಬಿಸಿಯೇರಿಸಿದರೆ ಆ ಉದ್ದ ಸುಮಾರು 28 ಮಿಲಿಮೀಟರ್ ಹೆಚ್ಚುತ್ತದೆ. ಕಂಬಾರನ ಆಟವೆಲ್ಲ ಆ ಒಂದಂಗುಲದೊಳಗೆ. ಬಳೆ ತೀರ ಚಿಕ್ಕದಾದರೆ ಆರುವಾಗ ಅರಗಳನ್ನು ಹಿಂಡಿ ಗಾಲಿ ಸೊಟ್ಟಗಾಗುತ್ತದೆ. ಸಡಿಲವಾದರೆ ಮೊದಲ ಬೇಸಿಗೆಗೇ ಮರ ಕುಗ್ಗಿ ಹಳಿ ಕಳಚುತ್ತದೆ. ಹಳಿ ಸಡಿಲಾದ ಗಾಲಿಯನ್ನು ರೈತರು ಕೆರೆಯ ನೀರಿನಲ್ಲಿ ಮಲಗಿಸುತ್ತಿದ್ದುದು ಮರ ಉಬ್ಬಲೆಂದೇ. ಮ್ಯೂಸಿಯಮ್ಮಿನ ಗಾಲಿಗೆ ಈ ಮದ್ದು ಮಾಡುವಂತಿಲ್ಲ, ಬಣ್ಣ, ಚಿನ್ನ ಎರಡೂ ಎದ್ದು ಬರುತ್ತವೆ.

ಎದುರಿನಿಂದ ನೋಡಿದರೆ ಅರಗಳು ನೇರ ನಿಂತಿರುವುದಿಲ್ಲ, ಗಾಲಿ ತಟ್ಟೆಯ ಹಾಗೆ ಹೊರಕ್ಕೆ ಬಾಗಿರುತ್ತದೆ. ಹಳೆಯದಾಗಿ ಸೊಟ್ಟಗಾಗಿದೆ ಎಂದು ಎಷ್ಟೋ ಜನ ತಿಳಿಯುತ್ತಾರೆ. ಅದು ಬೇಕೆಂದೇ ಮಾಡಿದ್ದು. ಕುದುರೆ ನಡೆಯುವಾಗ ಗಾಡಿ ಎಡಕ್ಕೂ ಬಲಕ್ಕೂ ಓಲಾಡುತ್ತದೆ, ಅಚ್ಚು ಗಾಲಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಚಪ್ಪಟೆ ಗಾಲಿಯಾದರೆ ಅರ ಗುಂಬದಿಂದ ಸಡಿಲಾಗುತ್ತದೆ. ತಟ್ಟೆಯಾಕಾರದ ಗಾಲಿ ಆ ತಳ್ಳುವಿಕೆಗೆ ಕಮಾನಿನಂತೆ ಎದುರು ನಿಲ್ಲುತ್ತದೆ.

ಮುಂದಿನ ಗಾಲಿ ಚಿಕ್ಕದಿರುವುದು ತಿರುಗಲಿಕ್ಕೆ. ಎತ್ತಿನ ಗಾಡಿಗೆ ಎರಡೇ ಗಾಲಿ, ಎತ್ತು ತಿರುಗಿದರೆ ಗಾಡಿಯೂ ತಿರುಗಿತು. ನಾಲ್ಕು ಗಾಲಿಯ ಬಂಡಿಯಲ್ಲಿ ಮುಂದಿನ ಅಚ್ಚು ನಡುವಿನ ಗೂಟದ ಮೇಲೆ ಹೊರಳಬೇಕು. ಹೊರಳಿದಾಗ ಒಳಬದಿಯ ಗಾಲಿ ತೊಲೆಗೆ ತಾಗಿದರೆ ಅಲ್ಲಿಗೆ ತಿರುವು ಮುಗಿಯಿತು. ಗಾಲಿ ಚಿಕ್ಕದಾದಷ್ಟೂ, ತೊಲೆಯನ್ನು ಆ ಜಾಗದಲ್ಲಿ ಹಂಸದ ಕೊರಳಂತೆ ಮೇಲಕ್ಕೆ ಬಾಗಿಸಿದಷ್ಟೂ ತಿರುವು ಕಿರಿದಾಗುತ್ತದೆ. ಆದರೆ ಚಿಕ್ಕ ಗಾಲಿ ಗುಂಡಿಗೆ ಬೇಗ ಇಳಿಯುತ್ತದೆ, ಎಳೆಯಲು ಹೆಚ್ಚು ಬಲ ಬೇಕು. ಎರಡೂ ಕಡೆ ಲಾಭವಿಲ್ಲ, ಒಂದನ್ನು ಬಿಟ್ಟುಕೊಡಲೇಬೇಕು.

ಕಿರಿದಾದ ಬೀದಿಯಲ್ಲಿ ಎರಡು ಸಾರೋಟು ಎದುರಾದರೆ ಏನು ಮಾಡುತ್ತಿದ್ದರು? ರಿವರ್ಸ್ ಇತ್ತೇ?
— ಓದುಗರು, ಬೆಂಗಳೂರು

ಬೆಂಗಳೂರಿನವರಿಂದಲೇ ಈ ಪ್ರಶ್ನೆ ಬಂದದ್ದು ಸಹಜ. ಉತ್ತರ ಲಿಸ್ಬನ್ನಿನ ಗೋಡೆಯ ಮೇಲೇ ಇದೆ. ಅಲ್ಫಾಮ ಬಡಾವಣೆಯ ಸಾಲ್ವಡೋರ್ ಬೀದಿಯಲ್ಲಿ 1686ರ ಕಲ್ಲಿನ ಫಲಕವೊಂದು ಈಗಲೂ ಇದೆ. ಸಾಲ್ವಡೋರ್ ದ್ವಾರದ ಕಡೆಯಿಂದ ಬರುವ ಕೋಚ್, ಸೆಜ್, ಲಿತೇರಗಳು ಬಂದ ಕಡೆಗೇ ಹಿಂದೆ ಸರಿಯತಕ್ಕದ್ದು ಎಂಬ ರಾಜಾಜ್ಞೆ ಅದರ ಮೇಲಿದೆ. ಎಂದರೆ ಇಳಿದು ಬರುವವನು ಹತ್ತುವವನಿಗೆ ದಾರಿ ಬಿಡಬೇಕು. ಎರಡನೆಯ ಪೆದ್ರೊ ರಾಜನಾಗಿದ್ದ ಕಾಲ. ಜಗತ್ತಿನ ಬಹಳ ಹಳೆಯ ಸಂಚಾರ ಫಲಕಗಳಲ್ಲಿ ಅದೊಂದು.

ರಾಜಾಜ್ಞೆ ಬೇಕಾಗುವಷ್ಟು ಜಗಳ ಯಾಕಾಗುತ್ತಿತ್ತು ಎಂಬುದಕ್ಕೆ ಸಾರೋಟಿನ ರಚನೆಯೇ ಕಾರಣ. ಕುದುರೆ ಎಳೆಯುವ ಪಟ್ಟಿಗಳು ಮುಂದಕ್ಕೆ ಬಿಗಿ, ಹಿಂದಕ್ಕೆ ಸಡಿಲ. ಗಾಡಿಯನ್ನು ಹಿಂದಕ್ಕೆ ದೂಡಬಲ್ಲವು ಮೂಕಿಗೆ ಕಟ್ಟಿದ ಜೋಡಿ ಮಾತ್ರ. ಅದಕ್ಕೂ ಮುಂದಿರುವ ಎರಡು ಅಥವಾ ನಾಲ್ಕು ಕುದುರೆಗಳು ಅಡ್ಡಿಯೇ ಹೊರತು ಸಹಾಯವಲ್ಲ. ಅವನ್ನು ಬಿಚ್ಚಿ ಪಕ್ಕಕ್ಕೆ ಹಿಡಿಯಬೇಕು. ಇನ್ನು ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟಿ ಹಿಂದಕ್ಕೆ ತೆಗೆದವರಿಗೆ ಗೊತ್ತು, ಮುಂದಿನ ಅಚ್ಚು ಹೊರಳುವ ಬಂಡಿ ಹಿಂದೆ ಹೋಗುವಾಗ ನೀವು ಬಯಸಿದ ದಿಕ್ಕಿಗೆ ವಿರುದ್ಧವಾಗಿ ಮಡಚಿಕೊಳ್ಳುತ್ತದೆ. ಹತ್ತುತ್ತಿರುವ ಬಂಡಿಯನ್ನು ಇಳಿಜಾರಿನಲ್ಲಿ ಹಿಂದಕ್ಕೆ ಬಿಟ್ಟರೆ ಭಾರವೇ ಅದನ್ನು ಎಳೆದುಕೊಂಡು ಹೋಗುತ್ತದೆ, ತಡೆಯಲು ಬ್ರೇಕ್ ಇಲ್ಲ. ಆ ಆಜ್ಞೆ ಬರೆಸಿದವನಿಗೆ ಬಂಡಿಯ ಸ್ವಭಾವ ಗೊತ್ತಿತ್ತು.

ಚರ್ಮದ ಪಟ್ಟಿಯಲ್ಲಿ ತೂಗಾಡುವ ಗೂಡಿನಲ್ಲಿ ಪ್ರಯಾಣ ಸುಖವಾಗಿತ್ತೇ?
— ಓದುಗರು, ತುಮಕೂರು

ಗುಂಡಿಯ ಪೆಟ್ಟು ಕಡಿಮೆಯಾಗುತ್ತಿತ್ತು, ಬದಲಿಗೆ ತೊಟ್ಟಿಲಿನ ತೂಗಾಟ. ಹೊಟ್ಟೆ ತೊಳಸುವುದು ಸಾಮಾನ್ಯ. ಬಳಸಿದಂತೆ ಪಟ್ಟಿ ಹಿಗ್ಗಿ ಗೂಡು ಒಂದು ಮೂಲೆಗೆ ವಾಲುತ್ತದೆ. ಅದಕ್ಕಾಗಿ ಎಷ್ಟೋ ಬಂಡಿಗಳಲ್ಲಿ ಪಟ್ಟಿಯ ತುದಿಯನ್ನು ಹಲ್ಲುಗಾಲಿ ಇರುವ ಕಬ್ಬಿಣದ ಗಿರಕಿಗೆ ಸುತ್ತಿರುತ್ತಾರೆ, ಹೊರಡುವ ಮುನ್ನ ಬಿಗಿಸಿಕೊಳ್ಳಲು. ಹಿಂಬದಿ ಕಂಬಗಳ ಬುಡದಲ್ಲಿ ಹುಡುಕಿ. ಉಕ್ಕಿನ ಸ್ಪ್ರಿಂಗ್‌ಗಳು 18ನೇ ಶತಮಾನದಲ್ಲಿ ಸೇರಿಕೊಂಡವು. ಈಗಿನ ಲಾರಿಗಳ ಪಟ್ಟಿ ಸ್ಪ್ರಿಂಗಿನ ಪೂರ್ವಜಕ್ಕೆ ಇಂಗ್ಲೆಂಡಿನ ಒಬಡಯಾ ಎಲಿಯಟ್ ಪೇಟೆಂಟ್ ಪಡೆದದ್ದು 1804ರಲ್ಲಿ. ಅದು ಬಂದ ಮೇಲೆ ಉದ್ದನೆಯ ತೊಲೆಯೇ ಬೇಡವಾಯಿತು, ಗಾಡಿ ಹಗುರಾಯಿತು.

ಗುಂಡಿನ ಗುರುತಿರುವ ಗಾಡಿಯ ಕಥೆ ಏನು?
— ಓದುಗರು, ಕಲಬುರಗಿ

ಅದು ಲ್ಯಾಂಡೊ. 1908ರ ಫೆಬ್ರವರಿ 1ರಂದು ರಾಜ ಕಾರ್ಲೊಸ್, ರಾಣಿ ಅಮೆಲಿಯಾ, ಮಕ್ಕಳಾದ ಲೂಯಿಸ್ ಫಿಲಿಪೆ ಮತ್ತು ಮ್ಯಾನುಯಲ್ ವಿಲಾ ವಿಸೋಸ ಎಂಬ ಊರಿನಿಂದ ಹಿಂದಿರುಗಿ, ನದಿ ದಾಟಿ, ತೆರೆದ ಲ್ಯಾಂಡೊದಲ್ಲಿ ಎದುರುಬದುರಾಗಿ ಕುಳಿತು ಅರಮನೆಗೆ ಹೊರಟಿದ್ದರು. ನದಿದಂಡೆಯ ಚೌಕದಲ್ಲಿ ಗುಂಡು ಹಾರಿತು. ರಾಜನೂ ಹಿರಿಯ ಮಗನೂ ಸತ್ತರು. ಕಿರಿಯವನ ತೋಳಿಗೆ ಗಾಯವಾಯಿತು. ಅವನೇ ಕೊನೆಯ ರಾಜನಾದ. ಹಂತಕನನ್ನು ರಾಣಿ ಎದ್ದು ನಿಂತು ಕೈಯಲ್ಲಿದ್ದ ಹೂಗುಚ್ಛದಿಂದ ಬಡಿದಳು. 1910ರ ಅಕ್ಟೋಬರ್ 5ರಂದು ದೇಶ ಗಣರಾಜ್ಯವಾಯಿತು, ಮರುವರ್ಷ ಮ್ಯೂಸಿಯಮ್ಮಿನ ಹೆಸರಿನಿಂದ ‘ರಾಜ’ ಹೋಗಿ ‘ರಾಷ್ಟ್ರೀಯ’ ಬಂತು.

ಗಾಡಿಯಲ್ಲಿ ಚಿನ್ನದ ಅಬ್ಬರವಿಲ್ಲ, ಶ್ರೀಮಂತರ ಬೀದಿಯಲ್ಲಿ ದಿನಬೆಳಗಾದರೆ ಕಾಣುತ್ತಿದ್ದಂಥದ್ದು. ಕಮಾನುಗಳನ್ನು ಮಡಚಿದರೆ ಕುಳಿತವರ ಎದೆಯ ಮಟ್ಟದ ತನಕ ಮಾತ್ರ ತೆಳು ಹಲಗೆಯ ಮರೆ. ಬಾಗಿಲ ಹಲಗೆಯಲ್ಲಿರುವ ತೂತುಗಳನ್ನು ನೋಡಿ. ಮ್ಯೂಸಿಯಂ ತೆರೆದು ಮೂರು ವರ್ಷವೂ ತುಂಬಿರದ ಹೊತ್ತಿನಲ್ಲಿ ರಾಣಿ ಕುಳಿತಿದ್ದ ಗಾಡಿ ಅದು.

ನಮ್ಮ ತೋಟದ ಮನೆಯಲ್ಲಿ ಮುತ್ತಜ್ಜನ ಕಾಲದ ಸಾರೋಟು ಇದೆ. ಚರ್ಮಕ್ಕೆ ಪ್ರತಿ ಯುಗಾದಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತೇವೆ. ಈಗ ಚರ್ಮ ಕೆಂಪು ಪುಡಿಯಾಗಿ ಉದುರುತ್ತಿದೆ. ಮ್ಯೂಸಿಯಮ್ಮಿನವರು ಏನು ಮಾಡುತ್ತಾರೆ?
— ಓದುಗರು, ಚಿಕ್ಕಮಗಳೂರು

ಎಣ್ಣೆ ಹಚ್ಚುವುದನ್ನು ಇಂದೇ ನಿಲ್ಲಿಸಿ. ಮರದ ತೊಗಟೆಯಿಂದ ಹದ ಮಾಡಿದ ಚರ್ಮ ಹೊಗೆಯ ಗಾಳಿಯಲ್ಲಿನ ಗಂಧಕದ ಅಂಶ ಹೀರಿ ಒಳಗೊಳಗೆ ಆಮ್ಲವಾಗುತ್ತದೆ, ನಾರು ತುಂಡಾಗಿ ಕೆಂಪು ಪುಡಿಯಾಗುತ್ತದೆ. ಇದು ಒಣಗಿದ್ದರಿಂದ ಆದದ್ದಲ್ಲ, ಆದ್ದರಿಂದ ಎಣ್ಣೆ ಅದನ್ನು ಸರಿಪಡಿಸದು. ಎಣ್ಣೆ ಚರ್ಮವನ್ನು ಕಪ್ಪಾಗಿಸುತ್ತದೆ, ಧೂಳು ಹಿಡಿಸುತ್ತದೆ, ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟಿಗೆ ಊಟವಾಗುತ್ತದೆ. ಹೋದ ಚರ್ಮ ಮರಳಿ ಬಾರದು. ಉದುರುವುದನ್ನು ಹಿಡಿದು ನಿಲ್ಲಿಸಲು ಸಂರಕ್ಷಕರು ಹೈಡ್ರಾಕ್ಸಿಪ್ರೊಪೈಲ್ ಸೆಲ್ಯುಲೋಸನ್ನು ಆಲ್ಕೋಹಾಲಿನಲ್ಲಿ ಶೇ. 1ರಿಂದ 2ರಷ್ಟು ಕರಗಿಸಿ ಮೃದು ಬ್ರಷ್ಷಿನಲ್ಲಿ ಹಚ್ಚುತ್ತಾರೆ. ನೀರಿನಲ್ಲಿ ಕರಗಿಸಬಾರದು, ಇಂಥ ಚರ್ಮ ನೀರು ತಾಗಿದರೆ ಕಪ್ಪಾಗಿ ಗಟ್ಟಿ ಕಟ್ಟುತ್ತದೆ. ಮೊದಲು ಕಾಣದ ಮೂಲೆಯಲ್ಲಿ ನಾಣ್ಯದಷ್ಟು ಜಾಗಕ್ಕೆ ಹಚ್ಚಿ, ಒಂದು ದಿನ ಬಿಟ್ಟು ನೋಡಿ. ಇದಕ್ಕೂ ಮುಂಚೆ ಎಲ್ಲ ಕಡೆಯಿಂದ ಫೋಟೊ ತೆಗೆದಿಟ್ಟುಕೊಳ್ಳಿ.

ಎರಡನೆಯದು ಭಾರ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ನಿಂತ ಗಾಲಿಯ ಕೆಳಗಿನ ಒಂದೆರಡು ಅರಗಳೇ ಎಲ್ಲ ತೂಕ ಹೊರುತ್ತವೆ. ಸಾರೋಟು ಮ್ಯೂಸಿಯಂಗಳಲ್ಲಿ ಬಂಡಿ ಗಾಲಿಯ ಮೇಲೆ ನಿಂತಂತೆ ಕಂಡರೂ ಅಚ್ಚಿನಡಿ ಮರೆಯಲ್ಲಿ ಊರುಗೋಲು ಕೊಟ್ಟಿರುವುದುಂಟು. ನೀವೂ ಹಾಗೆ ಮಾಡಿ. ಗಾಲಿಗೆ ಹತ್ತಿರದಲ್ಲಿ ಅಚ್ಚಿನಡಿ ಜಾಕ್ ಇಟ್ಟು, ಗಾಲಿಗೂ ನೆಲಕ್ಕೂ ನಡುವೆ ರಟ್ಟು ತೂರುವಷ್ಟು ಮಾತ್ರ ಎತ್ತಿ, ಮರದ ದಿಮ್ಮಿ ಕೊಡಿ. ಗೂಡಿನ ತಳಕ್ಕೆ ಜಾಕ್ ಇಡಲೇಬೇಡಿ, ಹಲಗೆ ಸೀಳುತ್ತದೆ. ಗೂಡು ಪಟ್ಟಿಗಳಲ್ಲಿ ನೇತಾಡುವಂಥದ್ದಾದರೆ ಗೂಡಿನದೇ ಚೌಕಟ್ಟಿನ ತೊಲೆಗಳಡಿ ಬೇರೆಯೇ ಆಸರೆ ಬೇಕು, ಪುಡಿಯಾದ ಪಟ್ಟಿಯನ್ನು ನಂಬಬೇಡಿ.

ಕೊರೆಹುಳ ಈಗಲೂ ಇದೆಯೋ, ಹಳೆಯ ತೂತುಗಳೋ? ಬಂಡಿಯಡಿ ಕಪ್ಪು ಕಾಗದ ಹಾಸಿ ಎರಡು ವಾರ ಬಿಡಿ. ಹೊಸ ಬಿಳಿ ಪುಡಿ ಬಿದ್ದಿದ್ದರೆ ಹುಳ ಬದುಕಿದೆ. ಮ್ಯೂಸಿಯಂಗಳಲ್ಲಿ ಇಡೀ ವಸ್ತುವನ್ನು ಗಾಳಿಯಾಡದ ಹೊದಿಕೆಯಲ್ಲಿಟ್ಟು ಸಾರಜನಕ ತುಂಬಿ ಮೂರು ನಾಲ್ಕು ವಾರ ಇಡುತ್ತಾರೆ. ಮನೆಯಲ್ಲಿ ಅದು ಆಗದ ಮಾತು. ಬಿಚ್ಚಿ ತೆಗೆಯಬಹುದಾದ ದಿಂಬು, ಪರದೆಗಳನ್ನಾದರೂ ಪಾಲಿಥೀನಿನಲ್ಲಿ ಬಿಗಿಯಾಗಿ ಸುತ್ತಿ ಮೈನಸ್ 20 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಬಹುದು. ಹೊರತೆಗೆದ ಮೇಲೆ ಒಂದು ದಿನ ಹೊದಿಕೆ ಬಿಚ್ಚಬೇಡಿ, ಇಬ್ಬನಿ ಹೊದಿಕೆಯ ಹೊರಗೆ ನಿಲ್ಲಲಿ. ಬಣ್ಣ ಬಳಿದ ಮರವನ್ನು ಹೀಗೆ ತಣ್ಣಗಾಗಿಸಬೇಡಿ, ಬಣ್ಣ ಬಿರಿಯುತ್ತದೆ.

ಬಂಡಿಯ ತಾಪತ್ರಯವೇ ಇದು: ಒಂದೇ ವಸ್ತುವಿನಲ್ಲಿ ಮರ, ಚರ್ಮ, ಕಬ್ಬಿಣ, ರೇಷ್ಮೆ, ಬಣ್ಣ. ಕಬ್ಬಿಣಕ್ಕೆ ಒಣಗಾಳಿ ಇಷ್ಟ, ಮರಕ್ಕೂ ಚರ್ಮಕ್ಕೂ ಅದು ಕಷ್ಟ. ಎಲ್ಲರಿಗೂ ಒಪ್ಪುವ ರಾಜಿ ಎಂದರೆ ಗಾಳಿಯ ತೇವ ಶೇ. 50ರ ಆಸುಪಾಸು, ಅದಕ್ಕಿಂತ ಮುಖ್ಯವಾಗಿ ಏರಿಳಿತ ಇಲ್ಲದಿರುವುದು. ಬಟ್ಟೆಯ ಮೇಲೆ ಬೀಳುವ ಬೆಳಕು 50 ಲಕ್ಸ್ ದಾಟಬಾರದು. ನಿಮ್ಮಲ್ಲಿ ಮಳೆಗಾಲಕ್ಕೆ ಶೇ. 50 ಸಾಧ್ಯವಿಲ್ಲ, ಶೇ. 65ರ ಮೇಲೆ ಬಹಳ ದಿನ ನಿಲ್ಲದಂತೆ ನೋಡಿಕೊಳ್ಳಿ. ನೆಲದಿಂದ ತೇವ ಏರದ, ಬಿಸಿಲು ಬೀಳದ, ಗಾಳಿಯಾಡುವ ಕೋಣೆ. ಹತ್ತಿ ಬಟ್ಟೆಯ ಹೊದಿಕೆ, ಪ್ಲಾಸ್ಟಿಕ್ ಬೇಡ. ಹಳೆಯ ಬಣ್ಣದ ಮೇಲೆ ವಾರ್ನಿಷ್ ಹೊಡೆದು ‘ಹೊಸದರಂತೆ’ ಮಾಡುವ ಆಸೆ ಯಾರಿಗಾದರೂ ಬಂದರೆ ಅವರನ್ನು ಕೋಣೆಯಿಂದ ಹೊರಗೆ ಕಳಿಸಿ.

ರಜೆಗೆ ಲಿಸ್ಬನ್ನಿಗೆ ಹೋಗುತ್ತಿದ್ದೇವೆ, ಜೊತೆಗೆ ಇಬ್ಬರು ಮಕ್ಕಳು. ಒಂದು ಬೆಳಗ್ಗೆ ಸಾಕೇ? ಏನನ್ನು ತಪ್ಪಿಸಬಾರದು?
— ಕನ್ನಡಿಗರೊಬ್ಬರು, ಲಂಡನ್

ಎರಡು ಗಂಟೆ ಹೊಸ ಕಟ್ಟಡಕ್ಕೆ, ಅರ್ಧ ಗಂಟೆ ಹಳೆಯ ಸವಾರಿ ಅಂಗಳಕ್ಕೆ. ಸೋಮವಾರ ರಜೆ. ನಗರದ ನಡುವಿನಿಂದ 15ನೇ ನಂಬರಿನ ಟ್ರಾಮ್, ಇಲ್ಲವೇ ಕೈಶ್ ದೊ ಸೊದ್ರೆ ನಿಲ್ದಾಣದಿಂದ ಬೆಲೆಂಗೆ ಲೋಕಲ್ ರೈಲು. ಟ್ರಾಮಿನಲ್ಲಿ ನೂಕುನುಗ್ಗಲು, ಜೇಬು ಜೋಪಾನ.

ಮೊದಲು ಅತ್ಯಂತ ಹಳೆಯದಾದ ಎರಡನೆಯ ಫಿಲಿಪೆಯ ಕೋಚ್. ಸ್ಪೇನಿಗೆ ಮೂರನೆಯ ಫಿಲಿಪ್ಪನಾಗಿದ್ದ ಅವನು 1619ರಲ್ಲಿ ಪೋರ್ಚುಗಲ್ಲಿಗೆ ಬಂದಾಗ ಬಳಸಿದ್ದು. ಹೊರಗೆ ಸಾದಾ, ಪ್ರಯಾಣಕ್ಕೆ ಮಾಡಿದ ಬಂಡಿ. ಅದಾದ ಕೂಡಲೇ 1716ರ ಕೋಚ್‌ಗಳ ಬಳಿ ಹೋದರೆ ಒಂದು ಶತಮಾನದಲ್ಲಿ ಬಂಡಿ ಹೇಗೆ ಸಿಂಹಾಸನವಾಯಿತು ಎಂಬುದು ಹೇಳದೆಯೇ ತಿಳಿಯುತ್ತದೆ. ಮೇಜಿನ ಕೋಚ್ ಮಕ್ಕಳಿಗೆ ಹಿಡಿಸುತ್ತದೆ: ಒಳಗೆ ನಡುವೆ ನಿಜವಾದ ಮೇಜು. 1729ರ ಜನವರಿಯಲ್ಲಿ ಸ್ಪೇನ್, ಪೋರ್ಚುಗಲ್ ರಾಜಮನೆತನಗಳು ಗಡಿಯ ಕಾಯಾ ನದಿಯ ಮೇಲೆ ಮರದ ಅರಮನೆ ಕಟ್ಟಿ ರಾಜಕುಮಾರಿಯರನ್ನು ಸೊಸೆಯರಾಗಿ ಅದಲುಬದಲು ಮಾಡಿಕೊಂಡಾಗ ಬಳಸಿದ ಬಂಡಿ.

ಫ್ಲ್ಯಾಶ್ ಹಾಕಬೇಡಿ. ಚಿನ್ನದ ಕೆತ್ತನೆಗೆ ಎದುರಿನಿಂದ ಬೆಳಕು ಬಿದ್ದರೆ ಉಬ್ಬೆಲ್ಲ ಚಪ್ಪಟೆಯಾಗಿ ಫೋಟೊವೂ ಕೆಡುತ್ತದೆ. ಓರೆಯಾಗಿ ನಿಂತು ತೆಗೆಯಿರಿ. ಮಕ್ಕಳಿಗೆ ಒಂದು ಕೆಲಸ ಕೊಡಿ: ಪ್ರತಿ ಬಂಡಿಯ ಗಾಲಿಯಲ್ಲಿ ಎಷ್ಟು ಅರ, ಹೊರಸುತ್ತಿನಲ್ಲಿ ಎಷ್ಟು ತುಂಡು ಎಂದು ಎಣಿಸಲಿ. ಚಿನ್ನದ ಲೇಪದಡಿ ಸಂದು ಹುಡುಕಲು ಅವರು ನೆಲಕ್ಕೆ ಕೂರಲೇಬೇಕಾಗುತ್ತದೆ, ಜೊತೆಗೆ ನೀವೂ.